2^127 − 1 ಅವಿಭಾಜ್ಯ ಅಂತ 1876ರಲ್ಲಿ ಕಂಪ್ಯೂಟರ್ ಇಲ್ಲದೆ ಹೇಗೆ ತೋರಿಸಿದರು?

ಕಡ್ಲೆಪುರಿ_ಕೋಡರ್

ಎಲ್ಲರಿಗೂ ನಮಸ್ಕಾರ. ಪೈಥಾನ್ ಕಲಿಯುವ ನೆಪದಲ್ಲಿ ಅವಿಭಾಜ್ಯ ಸಂಖ್ಯೆ ಪತ್ತೆ ಮಾಡುವ ಪ್ರೋಗ್ರಾಂ ಒಂದು ಬರೆದೆ. ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ 2, 3, 5, 7 ಅಂತ ವರ್ಗಮೂಲದವರೆಗೂ ಭಾಗಿಸುತ್ತಾ ಹೋಗುವುದು, ಅಷ್ಟೇ. ಹತ್ತು ಹನ್ನೆರಡು ಅಂಕಿಯ ಸಂಖ್ಯೆಗಳಿಗೆ ಚೆನ್ನಾಗೇ ಓಡಿತು. ಸುಮ್ನೆ ಇರಬೇಕಿತ್ತು, ಇದನ್ನು ಕೊಟ್ಟೆ:

170141183460469231731687303715884105727

ಇದು 2^127 − 1. ಒಟ್ಟು 39 ಅಂಕಿ. ರಾತ್ರಿ ಓಡಿಸಿ ಮಲಗಿದೆ, ಬೆಳಿಗ್ಗೆ ಎದ್ದರೆ ಲ್ಯಾಪ್‌ಟಾಪ್ ಫ್ಯಾನ್ ಇನ್ನೂ ಕೂಗುತ್ತಿದೆ, ಉತ್ತರ ಮಾತ್ರ ಇಲ್ಲ. ಆಮೇಲೆ ಓದಿ ನೋಡಿದರೆ, ಎದುವಾರ್ ಲ್ಯೂಕಾ ಅನ್ನುವ ಫ್ರೆಂಚ್ ಗಣಿತಜ್ಞ ಇದು ಅವಿಭಾಜ್ಯ ಅಂತ 1876ರಲ್ಲೇ ತೋರಿಸಿದ್ದಾನಂತೆ. ಕೈಲೆಕ್ಕದಲ್ಲಿ! ಆಮೇಲೆ 1951ರವರೆಗೆ, ಅಂದರೆ 75 ವರ್ಷ, ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲವಂತೆ.

ನನ್ನ ಪ್ರಶ್ನೆ ಇಷ್ಟು. ಲ್ಯಾಪ್‌ಟಾಪಿಗೆ ಆಗದ ಕೆಲಸ ಒಬ್ಬ ಮನುಷ್ಯನಿಂದ ಹೇಗೆ ಆಯಿತು? ಮತ್ತೆ ದೊಡ್ಡದು ಅನ್ನುವುದು ಬಿಟ್ಟರೆ ಈ ಸಂಖ್ಯೆಯಲ್ಲಿ ಬೇರೆ ಏನಾದರೂ ವಿಶೇಷ ಇದೆಯಾ?

ಲೆಕ್ಕದ_ಮೇಷ್ಟ್ರು

ಭಾಗಿಸಿ ನೋಡುವುದನ್ನು ಮೊದಲು ತಲೆಯಿಂದ ತೆಗೆದುಬಿಡಿ. ಲ್ಯೂಕಾ ಭಾಗಿಸುತ್ತಾ ಕೂರಲೇ ಇಲ್ಲ.

ಆ ದಾರಿ ಎಷ್ಟು ಉದ್ದ ಅಂತ ಒಂದು ಅಂದಾಜು ಹಾಕೋಣ. ಈ ಸಂಖ್ಯೆಯ ವರ್ಗಮೂಲ ಸುಮಾರು 1.3 × 10^19. ಅಷ್ಟನ್ನೂ ನೋಡಬೇಕಾಗಿಲ್ಲ ಅನ್ನಿ. 2^127 − 1ಕ್ಕೆ ಅವಿಭಾಜ್ಯ ಅಪವರ್ತನ ಏನಾದರೂ ಇದ್ದರೆ ಅದು 254ರ (127ರ ಎರಡರಷ್ಟು) ಮಗ್ಗಿಯಲ್ಲಿ ಬರುವ ಸಂಖ್ಯೆಗೆ 1 ಕೂಡಿಸಿದ್ದೇ ಆಗಿರಬೇಕು, ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಚಿಕ್ಕದರಲ್ಲಿ ನೋಡಿ: 2^11 − 1 = 2047 = 23 × 89. 23 ಅಂದರೆ 22 + 1, 89 ಅಂದರೆ 88 + 1, ಎರಡೂ 22ರ ಮಗ್ಗಿಯ ಪಕ್ಕದ ಮನೆಯವು. ಇಷ್ಟೆಲ್ಲಾ ಜರಡಿ ಹಿಡಿದ ಮೇಲೂ ನಮ್ಮ ಸಂಖ್ಯೆಗೆ ಸುಮಾರು 2.6 × 10^16 ಅಭ್ಯರ್ಥಿಗಳು ಉಳಿಯುತ್ತವೆ. ಸೆಕೆಂಡಿಗೆ ಒಂದು ಭಾಗಾಕಾರ ಮಾಡಿದರೆ 80 ಕೋಟಿ ವರ್ಷ.

ಲ್ಯೂಕಾ ಹಿಡಿದ ದಾರಿಯನ್ನು 1930ರಲ್ಲಿ ಲೆಹ್ಮರ್ ಅನ್ನುವ ಗಣಿತಜ್ಞ ಸರಳ ಮಾಡಿದ. ಈಗ ಎಲ್ಲರೂ ಬಳಸುವುದು ಅದನ್ನೇ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷೆ ಮಾಡುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದೇ ಕೆಲಸ. ಘಾತದಲ್ಲಿರುವ ಸಂಖ್ಯೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಅನುಮಾನದ ಮಾತೇ ಇಲ್ಲ.

2^7 − 1 = 127ಕ್ಕೆ ಮಾಡಿ ನೋಡೋಣ. ಐದು ಸಲ ಮಾಡಬೇಕು.

4
4² − 2 = 14
14² − 2 = 194, ಶೇಷ 67
67² − 2 = 4487, ಶೇಷ 42
42² − 2 = 1762, ಶೇಷ 111
111² − 2 = 12319, ಶೇಷ 0

12319 ಅಂದರೆ ಸರಿಯಾಗಿ 127 × 97. ಆಯಿತು, 127 ಅವಿಭಾಜ್ಯ. ಇದನ್ನೇ 2047ಕ್ಕೆ ಮಾಡಿದರೆ 4, 14, 194, 788, 701, 119, 1877, 240, 282, 1736 ಅಂತ ಬಂದು ನಿಲ್ಲುತ್ತದೆ. ಕೊನೆಯದು ಸೊನ್ನೆ ಅಲ್ಲ, ಹಾಗಾಗಿ 2047 ಅವಿಭಾಜ್ಯ ಅಲ್ಲ. ಗಮನಿಸಿ, ಇಡೀ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲೂ ಮುಖ ತೋರಿಸಲಿಲ್ಲ.

ನಿಮ್ಮ 39 ಅಂಕಿಯ ಸಂಖ್ಯೆಗೆ 125 ಸಲ ವರ್ಗ ಮಾಡಿದರೆ ಮುಗಿಯಿತು. ಕಷ್ಟವೇ, ಆದರೆ ಮನುಷ್ಯ ಮಾಡಬಹುದಾದ ಕಷ್ಟ.

ಕಡ್ಲೆಪುರಿ_ಕೋಡರ್

ಮೇಷ್ಟ್ರೇ, ಮಾಡಿ ನೋಡಿದೆ, ಹತ್ತು ಸಾಲಿನ ಪ್ರೋಗ್ರಾಂ ಕೂಡ ಆಗಲಿಲ್ಲ. ಎಂಟರ್ ಒತ್ತಿದ ತಕ್ಷಣ ಸೊನ್ನೆ ಬಂತು. ಆದರೆ ಇದು ಯಾಕೆ ಕೆಲಸ ಮಾಡುತ್ತದೆ ಅಂತ ಒಂಚೂರೂ ತಲೆಗೆ ಹೋಗುತ್ತಿಲ್ಲ. ಆ 4 ಎಲ್ಲಿಂದ ಬಂತು?

ಲೆಕ್ಕದ_ಮೇಷ್ಟ್ರು

ಪೂರ್ತಿ ಸಾಧನೆ ಇಲ್ಲಿ ಬರೆಯುವುದಿಲ್ಲ, ತಿರುಳು ಹೇಳುತ್ತೇನೆ.

2 + √3 ಮತ್ತು 2 − √3 ತಗೊಳ್ಳಿ. ಕೂಡಿಸಿದರೆ 4. ಎರಡರ ವರ್ಗಗಳನ್ನು ಕೂಡಿಸಿದರೆ 14. ನಾಲ್ಕನೇ ಘಾತಗಳನ್ನು ಕೂಡಿಸಿದರೆ 194. ನಮ್ಮ ಸರಣಿ ಇದೇ. ಎರಡನ್ನೂ ಗುಣಿಸಿದರೆ 1 ಬರುತ್ತದೆ, ಅದಕ್ಕೇ ಪ್ರತಿ ಸಲ ವರ್ಗ ಮಾಡಿ 2 ಕಳೆದರೆ ಮುಂದಿನ ಪದ ಸಿಗುತ್ತದೆ. ಕೊನೆಗೆ ಸೊನ್ನೆ ಬಂತು ಅಂದರೆ ಅರ್ಥ ಏನು? 2 + √3ನ್ನು ಅದರಿಂದಲೇ ಗುಣಿಸುತ್ತಾ ಹೋದರೆ, ಶೇಷದ ಲೆಕ್ಕದಲ್ಲಿ, ಸರಿಯಾಗಿ 2^127ನೇ ಘಾತಕ್ಕೆ ಮೊದಲ ಸಲ 1ಕ್ಕೆ ವಾಪಸ್ ಬರುತ್ತದೆ. ಅದಕ್ಕಿಂತ ಮುಂಚೆ ಬರುವುದಿಲ್ಲ.

ಈಗ ನಮ್ಮ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಇಟ್ಟುಕೊಳ್ಳಿ. ಹಾಗಾದರೆ ವರ್ಗಮೂಲಕ್ಕಿಂತ ದೊಡ್ಡದಲ್ಲದ ಅವಿಭಾಜ್ಯ ಅಪವರ್ತನ ಒಂದು ಇರಲೇಬೇಕು. ಅದಕ್ಕೆ ಕ ಅನ್ನೋಣ. ಕ ಇಂದ ಭಾಗಿಸಿ ಶೇಷ ಇಟ್ಟುಕೊಳ್ಳುವ ಲೆಕ್ಕದಲ್ಲಿ "ಒಂದು ಸಂಖ್ಯೆ + ಇನ್ನೊಂದು ಸಂಖ್ಯೆ × √3" ರೂಪದವು, ಸೊನ್ನೆ ಬಿಟ್ಟರೆ, ಕ² − 1 ಮಾತ್ರ ಇವೆ. ಅದು 2^127ಕ್ಕಿಂತ ಕಡಿಮೆ. ಇಷ್ಟು ಮನೆಗಳೇ ಇಲ್ಲದ ಕಡೆ 2^127 ಬೇರೆ ಬೇರೆ ಮನೆಗೆ ಕಾಲಿಟ್ಟು ಬರುವುದು ಹೇಗೆ? ಆಗುವುದಿಲ್ಲ. ಹಾಗಾಗಿ ಕ ಅನ್ನುವುದೇ ಇಲ್ಲ.

ಅಂದ ಹಾಗೆ ಲ್ಯೂಕಾ ಈ ಸಂಖ್ಯೆಗೆ ಶುರು ಮಾಡಿದ್ದು 4ರಿಂದ ಅಲ್ಲ, 3ರಿಂದ. 127ಕ್ಕೆ ಹಾಗೆ ಮಾಡಿ: 3, 7, 47, 48, 16, 0. ಬಂತು ನೋಡಿ. ಆದರೆ 31ಕ್ಕೆ ಮಾಡಿದರೆ 3, 7, 16, 6 ಅಂತ ಬಂದು ಕೈಕೊಡುತ್ತದೆ, 31 ಅವಿಭಾಜ್ಯ ಆಗಿದ್ದರೂ! ಘಾತವನ್ನು 4ರಿಂದ ಭಾಗಿಸಿದಾಗ ಶೇಷ 3 ಬಂದರೆ ಮಾತ್ರ ಲ್ಯೂಕಾನ 3 ನಡೆಯುತ್ತದೆ. 7ಕ್ಕೂ 127ಕ್ಕೂ ಅದು ಸರಿ, 5ಕ್ಕೆ ಸರಿ ಇಲ್ಲ. ಲೆಹ್ಮರ್‌ನ ರೀತಿಯಲ್ಲಿ 4ರಿಂದ ಶುರು ಮಾಡಿದರೆ ಬೆಸ ಅವಿಭಾಜ್ಯ ಘಾತ ಯಾವುದಿದ್ದರೂ ತೊಂದರೆ ಇಲ್ಲ.

ಆ 3, 7, 47ರ ಹಿಂದೆ ಇರುವುದು ಫಿಬೊನಾಚಿ ಸರಣಿ: 1, 1, 2, 3, 5, 8 ಅಂತ ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವುದು. 2^3 − 1 = 7 ತಗೊಳ್ಳಿ. ಎಂಟನೇ ಫಿಬೊನಾಚಿ ಸಂಖ್ಯೆ 21, ಅದು 7ರಿಂದ ಭಾಗವಾಗುತ್ತದೆ. ನಾಲ್ಕನೆಯದು 3, ಅದು ಆಗುವುದಿಲ್ಲ. ಹಾಗೆಯೇ 2^127ನೇ ಫಿಬೊನಾಚಿ ಸಂಖ್ಯೆ ನಮ್ಮ ಸಂಖ್ಯೆಯಿಂದ ಭಾಗವಾಗುತ್ತದೆ, 2^126ನೆಯದು ಆಗುವುದಿಲ್ಲ. ಲ್ಯೂಕಾ ತೋರಿಸಿದ್ದು ಇದನ್ನೇ. ನನ್ನ ಕೇಳಿದರೆ ಈ ಸಂಖ್ಯೆಯ ಎಲ್ಲ ಗುಣಗಳಲ್ಲಿ ಇದೇ ಚೆಂದ.

ಬಿಟ್‌ಬೈಟ್_ಬಸಣ್ಣ

ಮೇಷ್ಟ್ರು ಯಾಕೆ ಅಂತ ಹೇಳಿದರು, ಹೇಗೆ ಅನ್ನುವುದು ನನ್ನ ಕಡೆಯಿಂದ. 39 ಅಂಕಿಯ ಸಂಖ್ಯೆಯನ್ನು ವರ್ಗ ಮಾಡಿ, 78 ಅಂಕಿ ಬಂದದ್ದನ್ನು ಮತ್ತೆ 39 ಅಂಕಿಯಿಂದ ಭಾಗಿಸಿ ಶೇಷ ತೆಗೆಯೋದು, ಅದೂ 125 ಸಲ ಅಂದರೆ ಯಾರಿಗಾದರೂ ಕೈ ಸೋತುಹೋಗುತ್ತದೆ. ಆದರೆ ಇಲ್ಲಿ ಭಾಗಾಕಾರ ಬೇಕೇ ಇಲ್ಲ.

ದೊಡ್ಡ ಸಂಖ್ಯೆಯನ್ನು 9ರಿಂದ ಭಾಗಿಸಿದ ಶೇಷ ಬೇಕು ಅಂದರೆ ಅಂಕಿಗಳನ್ನು ಕೂಡಿಸುತ್ತೀವಲ್ಲ, ಅದೇ ಉಪಾಯ. 10ಕ್ಕಿಂತ ಒಂದು ಕಡಿಮೆ 9. 128ಕ್ಕಿಂತ ಒಂದು ಕಡಿಮೆ 127. ಮೇಲೆ ಬಂದ 4487 ನೋಡಿ. ಅದು 35 × 128 + 7. ಶೇಷ ಬೇಕಾ? 35 + 7 = 42. 1762 ಅಂದರೆ 13 × 128 + 98, ಕೂಡಿಸಿದರೆ 111. 12319 ಅಂದರೆ 96 × 128 + 31, ಕೂಡಿಸಿದರೆ 127, ಅಂದರೆ ಸೊನ್ನೆ. ಬೈನರಿಯಲ್ಲಿ (ಬರೀ 0, 1 ಅಂಕಿಗಳಲ್ಲಿ, ಒಂದೊಂದು ಅಂಕಿ ಒಂದು ಬಿಟ್) ಬರೆದರೆ ಇನ್ನೂ ಸಲೀಸು: ನಮ್ಮ 39 ಅಂಕಿಯದಕ್ಕಾದರೆ ಕೊನೆಯ 127 ಬಿಟ್ ಒಂದು ಕಡೆ, ಉಳಿದ ಮೇಲಿನ ಬಿಟ್‌ಗಳು ಇನ್ನೊಂದು ಕಡೆ, ಎರಡನ್ನೂ ಕೂಡಿಸಿ. ಮುಗೀತು.

ಲ್ಯೂಕಾ ಬೈನರಿಯಲ್ಲೇ ಯೋಚಿಸಿದ್ದ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. ಚದುರಂಗದ ಹಾಸಿನ ಥರದ್ದೇ ಆದರೆ 127ಕ್ಕೆ 127 ಮನೆಯ ಹಾಸು ಅವನ ಉಪಾಯ. ಒಟ್ಟು 16,129 ಮನೆ. ಕಾಯಿ ಇದ್ದರೆ 1, ಖಾಲಿ ಇದ್ದರೆ 0. ಈ ಲೆಕ್ಕದಲ್ಲಿ 2ರಿಂದ ಗುಣಿಸುವುದು ಅಂದರೆ ಸಾಲಿನ ಕಾಯಿಗಳನ್ನೆಲ್ಲಾ ಒಂದೊಂದು ಮನೆ ಎಡಕ್ಕೆ ಸರಿಸಿ, ಅಂಚಿನಿಂದ ಆಚೆ ಬಿದ್ದದ್ದನ್ನು ತಂದು ಬಲತುದಿಗೆ ಇಡುವುದು, ಅಷ್ಟೇ. ವರ್ಗ ಮಾಡಲು, ಸಂಖ್ಯೆಯಲ್ಲಿ ಎಲ್ಲೆಲ್ಲಿ 1 ಇದೆಯೋ ಅಷ್ಟಷ್ಟು ಸರಿಸಿದ ಪ್ರತಿಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಆಮೇಲೆ ಒಂದು ಕಂಬಸಾಲಿನಲ್ಲಿ ಎರಡು ಕಾಯಿ ಕಂಡರೆ ಎರಡನ್ನೂ ಎತ್ತಿ, ಎಡಗಡೆಯ ಕಂಬಸಾಲಿಗೆ ಒಂದು ಹಾಕುವುದು. ಎಡತುದಿಯಲ್ಲಿ ದಶಕ ಉಳಿದರೆ ಅದು ಸುತ್ತಿ ಬಲತುದಿಗೆ. ಕೊನೆಗೆ ಒಂದೇ ಸಾಲು ಉಳಿಯುತ್ತದೆ. ಇವತ್ತು ನಾವು ಪ್ರೊಸೆಸರ್‌ಗೆ ಹೇಳೋ ರೊಟೇಟ್, ಆಡ್, ಕ್ಯಾರಿ ಎಲ್ಲಾ ಅಲ್ಲೇ ಇದೆ, ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗೆ ಇನ್ನೂ ಅರವತ್ತು ಎಪ್ಪತ್ತು ವರ್ಷ ಇರುವಾಗಲೇ.

ಹಾಸನದ_ಹೈದ

ಎಲ್ಲಾ ಸರಿ ಸಾರ್. ನನಗೆ ಅರ್ಥ ಆಗದೇ ಇರೋದು ಆ 75 ವರ್ಷ. 39 ಅಂಕಿಯ ಅವಿಭಾಜ್ಯ ಸಂಖ್ಯೆ ಅಷ್ಟೊಂದು ಅಪರೂಪವಾ? ನಮ್ಮ ಬ್ಯಾಂಕ್ ಆ್ಯಪ್‌ಗಳು ಮುನ್ನೂರು ಅಂಕಿಯವನ್ನೇ ಕ್ಷಣದಲ್ಲಿ ಹುಟ್ಟಿಸುತ್ತವೆ ಅಂತಾರೆ.

ಲೆಕ್ಕದ_ಮೇಷ್ಟ್ರು

ಅಪರೂಪ ಏನೂ ಅಲ್ಲ. 2^127ರ ಆಸುಪಾಸಿನಲ್ಲಿ ಸರಾಸರಿ 88 ಸಂಖ್ಯೆಗೆ ಒಂದು ಅವಿಭಾಜ್ಯ. ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುವಷ್ಟಿವೆ. ಸಿಕ್ಕಿದ್ದು ಅವಿಭಾಜ್ಯ ಅಂತ ಸಾಧಿಸುವುದೇ ಕಷ್ಟ. ಲ್ಯೂಕಾನ ಉಪಾಯಕ್ಕೆ ಒಂದು ಶರತ್ತು ಇದೆ: ಸಂಖ್ಯೆಗೆ 1 ಕೂಡಿಸಿದಾಗ ಬರುವುದರ ಅಪವರ್ತನಗಳು ಗೊತ್ತಿರಬೇಕು. ನಮ್ಮದಕ್ಕೆ 1 ಕೂಡಿಸಿದರೆ ಬರೀ 2ಗಳ ಗುಣಲಬ್ಧ, ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಪಕ್ಕದಲ್ಲೇ ಇರುವ ಯಾವುದೋ ಹೆಸರಿಲ್ಲದ 39 ಅಂಕಿಯ ಅವಿಭಾಜ್ಯವನ್ನು ಲ್ಯೂಕಾನ ಮುಂದೆ ಇಟ್ಟಿದ್ದರೆ ಅವನೂ ಕೈ ಚೆಲ್ಲುತ್ತಿದ್ದ. ಹಾಗಾಗಿ "ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ" ಅನ್ನುವ ಪಟ್ಟ ಆ ಸಂಖ್ಯೆಯ ದೊಡ್ಡತನಕ್ಕೆ ಸಿಕ್ಕಿದ್ದಲ್ಲ, ಅದು ಪರೀಕ್ಷೆಗೆ ಬಗ್ಗುವ ರೂಪಕ್ಕೆ ಸಿಕ್ಕಿದ್ದು. ಇದನ್ನು ಪತ್ರಿಕೆಗಳು ಯಾವತ್ತೂ ಬರೆಯುವುದಿಲ್ಲ.

ಯಾವ ರೂಪದ ಸಂಖ್ಯೆ ಇದ್ದರೂ ನಡೆಯುವ, ಖಚಿತವೂ ಆದ, ಅಂಕಿಗಳು ಹೆಚ್ಚಾದರೂ ಕೈಮೀರಿ ಹೋಗದ ಪರೀಕ್ಷೆ ಬಂದದ್ದು 2002ರಲ್ಲಿ, ಕಾನ್ಪುರದ ಐಐಟಿಯಲ್ಲಿ. ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಮೂವರೂ ಸೇರಿ ಮಾಡಿದ್ದು. ನಿಮ್ಮ ಬ್ಯಾಂಕ್ ಆ್ಯಪ್ ಅದನ್ನೂ ಬಳಸುವುದಿಲ್ಲ, ಅದಕ್ಕೆ "ಬಹುತೇಕ ಖಚಿತ" ಅನ್ನುವ ಬೇಗದ ಪರೀಕ್ಷೆ ಸಾಕು.

1951ರಲ್ಲಿ ಪಟ್ಟ ಹೋದ ಕಥೆಯೂ ಚೆನ್ನಾಗಿದೆ. ಫೆರಿಯೇ ಅನ್ನುವವನು ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ (2^148 + 1) ÷ 17 ಅವಿಭಾಜ್ಯ ಅಂತ ತೋರಿಸಿದ, 44 ಅಂಕಿ. ಅದೇ ವರ್ಷ ಕೇಂಬ್ರಿಜ್‌ನ ಎಡ್‌ಸ್ಯಾಕ್ ಕಂಪ್ಯೂಟರಿನಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಯದನ್ನು ಕಂಡರು. ಅದು ಯಾವುದು ಗೊತ್ತಾ? 180 × (2^127 − 1)² + 1. ಹಳೆಯ ರಾಜನನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದರು. ಮುಂದಿನ ಜನವರಿಯಲ್ಲಿ ರಾಬಿನ್ಸನ್ 2^521 − 1 ಕಂಡುಹಿಡಿದ ಮೇಲೆ ಕೈಲೆಕ್ಕದ ಕಾಲ ಮುಗಿಯಿತು.

ಮಂಡ್ಯ_ಮೂಲಾಂಕ

ಒಂದು ಸೇರಿಸ್ತೀನಿ. ಈ ಜಾತಿಯ, ಅಂದರೆ 2ರ ಘಾತಕ್ಕಿಂತ ಒಂದು ಕಡಿಮೆ ಇರುವ, ಸಂಖ್ಯೆಗಳಿಗೆ ಹೆಸರು ಕೊಟ್ಟ ಮೆರ್ಸೆನ್ ಪಾದ್ರಿ 1644ರಲ್ಲಿ ಒಂದು ಪಟ್ಟಿ ಕೊಟ್ಟಿದ್ದ. ಘಾತ 257ರವರೆಗೆ 2, 3, 5, 7, 13, 17, 19, 31, 67, 127, 257 ಇವಿಷ್ಟಕ್ಕೆ ಮಾತ್ರ ಅವಿಭಾಜ್ಯ ಬರುತ್ತದೆ ಅಂತ. 67, 257 ತಪ್ಪು, 61, 89, 107 ಬಿಟ್ಟುಹೋಗಿವೆ. 127 ಮಾತ್ರ ಹೇಗೋ ಸರಿಯಾಗಿದೆ, ಆ ಕಾಲದಲ್ಲಿ ಅದನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ.

2^67 − 1 ಅವಿಭಾಜ್ಯ ಅಲ್ಲ ಅಂತಲೂ ಲ್ಯೂಕಾನೇ 1876ರಲ್ಲಿ ಹೇಳಿದ್ದು. ಹೊಗೆ ಕಂಡಿತ್ತು, ಬೆಂಕಿ ಎಲ್ಲಿದೆ ಅಂತ ಗೊತ್ತಿರಲಿಲ್ಲ. 1903ರಲ್ಲಿ ಕೋಲ್ ಅನ್ನುವ ಅಮೆರಿಕದ ಗಣಿತಜ್ಞ 193707721 × 761838257287 ಅಂತ ಬಿಡಿಸಿ ತೋರಿಸಿದ. ಅಪವರ್ತನ ಇದೆ ಅಂತ ತಿಳಿಯುವುದು ಬೇರೆ, ಅದನ್ನು ಹುಡುಕುವುದು ಬೇರೆ. ಮಧ್ಯೆ 27 ವರ್ಷ!

ಹಾಸನದ_ಹೈದ

ಬಳಕೆ ಏನಾದರೂ ಇದೆಯಾ, ಇಲ್ಲಾ ಬರೀ ದಾಖಲೆಗಾ? 2024ರಲ್ಲಿ 4 ಕೋಟಿ ಅಂಕಿಯದು ಸಿಕ್ಕಾಗ ಪಾಸ್‌ವರ್ಡ್ ಭದ್ರತೆಗೆ ಉಪಯೋಗ ಅಂತ ಎಲ್ಲೋ ಓದಿದ ನೆನಪು.

ಬಿಟ್‌ಬೈಟ್_ಬಸಣ್ಣ

ಆ 4 ಕೋಟಿ ಅಂಕಿಯದರಿಂದ ಭದ್ರತೆಗೆ ಏನೂ ಇಲ್ಲ ಗುರು. 2^136279841 − 1, ಲ್ಯೂಕ್ ಡ್ಯುರಾಂಟ್ ಅಕ್ಟೋಬರ್ 2024ರಲ್ಲಿ ಕಂಡದ್ದು, ಸರಿಯಾಗಿ 4,10,24,320 ಅಂಕಿ. ಗುಟ್ಟಿನ ಕೀಲಿ ಮಾಡೋಕೆ ಯಾರಿಗೂ ಗೊತ್ತಿಲ್ಲದ ಅವಿಭಾಜ್ಯ ಬೇಕು, ಜಗತ್ತಿಗೆಲ್ಲಾ ಗೊತ್ತಿರೋದು ತಗೊಂಡು ಏನು ಮಾಡ್ತೀರಾ?

ನಮ್ಮ ಪುಟ್ಟ 2^127 − 1 ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾಕಂದರೆ ಅದು ಗುಟ್ಟಾಗಿ ಇರಬೇಕಾಗಿಲ್ಲದ ಜಾಗದಲ್ಲಿ ಕೂರುತ್ತದೆ. ಮೈಕ್ರೋಸಾಫ್ಟ್ ರಿಸರ್ಚ್‌ನವರು 2015ರಲ್ಲಿ ತಂದ ಫೋರ್‌ಕ್ಯೂ ಅನ್ನುವ ಎಲಿಪ್ಟಿಕ್ ಕರ್ವ್‌ನಲ್ಲಿ (ಗುಟ್ಟಿನ ಕೀಲಿಯ ಲೆಕ್ಕಕ್ಕೆ ಬಳಸುವ ಒಂದು ವಕ್ರರೇಖೆ) ಲೆಕ್ಕವೆಲ್ಲಾ ಈ ಸಂಖ್ಯೆಯ ಶೇಷದಲ್ಲೇ ನಡೆಯೋದು. ಕಾರಣ ಮೇಲೆ ಹೇಳಿದ್ದೇ, ಭಾಗಾಕಾರದ ಬದಲು ಬಿಟ್ ಮಡಚಿ ಕೂಡಿಸೋದು. ಎರಡು 64 ಬಿಟ್ ಜಾಗದಲ್ಲಿ ಹಿಡಿಸಿ ಒಂದು ಬಿಟ್ ಉಳಿಯುತ್ತದೆ, ಅದೂ ಅನುಕೂಲ. ಇನ್ನು ಪೈಥಾನ್‌ನಲ್ಲಿ ರ್‍ಯಾಂಡಮ್ ಸಂಖ್ಯೆ ಕೇಳಿದಾಗ ಒಳಗೆ ಓಡೋದು ಮೆರ್ಸೆನ್ ಟ್ವಿಸ್ಟರ್, ಅದರ ಸುತ್ತು (ಎಷ್ಟು ಸಂಖ್ಯೆ ಆದ ಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ ಅನ್ನೋದು) 2^19937 − 1, ಅದೂ ಇದೇ ಕುಲದ ಅವಿಭಾಜ್ಯ.

ಮಂಡ್ಯ_ಮೂಲಾಂಕ

ಬಳಕೆ ಬಿಡಿ, ಆಟ ಕೇಳಿ. ಮೂರು ಕಂಬ, ಒಂದರ ಮೇಲೊಂದು ತಟ್ಟೆ, ದೊಡ್ಡದನ್ನು ಚಿಕ್ಕದರ ಮೇಲೆ ಇಡಬಾರದು ಅನ್ನುವ ಹನೋಯ್ ಗೋಪುರದ ಆಟವನ್ನು 1883ರಲ್ಲಿ ತಂದವನು ಇದೇ ಲ್ಯೂಕಾ, ಬೇರೆ ಹೆಸರಿಟ್ಟುಕೊಂಡು. ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ತಟ್ಟೆಗಳನ್ನು ಪೂಜಾರಿಗಳು ಹಗಲೂ ರಾತ್ರಿ ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಅನ್ನುವ ಕಥೆ ಆ ಆಟದ ಜೊತೆಗೇ ಹಬ್ಬಿದ್ದು. ಕಾಶಿಯಲ್ಲಿ ಕೇಳಿದರೆ ನಗ್ತಾರೆ. 64 ತಟ್ಟೆಗೆ 2^64 − 1 ನಡೆ, ಸೆಕೆಂಡಿಗೆ ಒಂದಾದರೆ ಸುಮಾರು 58 ಸಾವಿರ ಕೋಟಿ ವರ್ಷ. ಆ ಸಂಖ್ಯೆ ಅವಿಭಾಜ್ಯ ಅಲ್ಲ, 3ರಿಂದಲೇ ಭಾಗವಾಗುತ್ತದೆ. 127 ತಟ್ಟೆ ಇಟ್ಟರೆ ಬೇಕಾಗುವ ನಡೆಗಳು ಸರಿಯಾಗಿ ನಮ್ಮ ಸಂಖ್ಯೆ.

ಕಡ್ಲೆಪುರಿ_ಕೋಡರ್

ಇನ್ನೊಂದು ಕಣ್ಣಿಗೆ ಬಿತ್ತು. 2^2 − 1 = 3. 2^3 − 1 = 7. 2^7 − 1 = 127. ಆಮೇಲೆ 2^127 − 1. ಎಲ್ಲಾ ಅವಿಭಾಜ್ಯ! ಹಾಗಾದರೆ ಈ 39 ಅಂಕಿಯದನ್ನೇ ಘಾತಕ್ಕೆ ಹಾಕಿದರೆ?

ಲೆಕ್ಕದ_ಮೇಷ್ಟ್ರು

ಇದನ್ನು ಕಾಟಲಾನ್ ಅನ್ನುವ ಗಣಿತಜ್ಞ 1876ರಲ್ಲೇ ಕೇಳಿದ್ದ. ಉತ್ತರ ಇವತ್ತಿಗೂ ಇಲ್ಲ. ಆ ಸಂಖ್ಯೆಗೆ ಸುಮಾರು 5 × 10^37 ಅಂಕಿ. ಲ್ಯೂಕಾ ಪರೀಕ್ಷೆ ಮಾಡುವುದಿರಲಿ, ಬರೆದಿಡಲು ಜಾಗ ಇಲ್ಲ. ಆದರೆ ಸರಣಿ ಹೀಗೇ ಹೋಗುತ್ತದೆ ಅಂತ ನಂಬಬೇಡಿ. 2^13 − 1 = 8191 ಅವಿಭಾಜ್ಯ, ಆದರೆ 2^8191 − 1 ಅಲ್ಲ, 1953ರಲ್ಲಿ ಕಂಪ್ಯೂಟರ್ ಹೇಳಿತು. ಅದರ ಒಂದು ಅಪವರ್ತನ 338193759479. ಅದರಿಂದ 1 ಕಳೆದು 16382ರಿಂದ (8191ರ ಎರಡರಷ್ಟು) ಭಾಗಿಸಿ ನೋಡಿ, ಸರಿಯಾಗಿ 20644229 ಬರುತ್ತದೆ.

ಬಿಟ್‌ಬೈಟ್_ಬಸಣ್ಣ

ಕಾಟಲಾನ್ ಕೇಳಿದ ಆ ದೊಡ್ಡ ಸಂಖ್ಯೆಗೆ ಅಪವರ್ತನ ಹುಡುಕೋ ಆಸೆ ಇದ್ದರೆ ಆ ಕೆಲಸ ಲ್ಯಾಪ್‌ಟಾಪಲ್ಲೂ ಮಾಡಬಹುದು. ಅಭ್ಯರ್ಥಿಗಳು ನಮ್ಮ 39 ಅಂಕಿಯದರ ಎರಡರಷ್ಟರ ಮಗ್ಗಿಗೆ 1 ಕೂಡಿಸಿದವು ಮಾತ್ರ. ಒಂದನ್ನು ತಗೊಳ್ಳಿ, 2ರಿಂದ ಶುರು ಮಾಡಿ, 127 ಸಲ ವರ್ಗ ಮಾಡುತ್ತಾ ಅದರಿಂದ ಶೇಷ ತೆಗೆಯಿರಿ. ಕೊನೆಗೆ ಮತ್ತೆ 2 ಬಂದರೆ ಅದು ಭಾಗಿಸುತ್ತದೆ ಅಂತ ಅರ್ಥ. ಜನ ತುಂಬಾ ದೂರದವರೆಗೆ ನೋಡಿಯಾಗಿದೆ, ಸಿಕ್ಕಿಲ್ಲ. ಹಾಗಾಗಿ ಮಗ್ಗಿಯ ಶುರುವಿನಿಂದ ಹುಡುಕಿ ಟೈಮ್ ಹಾಳು ಮಾಡ್ಕೋಬೇಡಿ.